ಪರದೆಯ ಹಿಂದಿನ ಮರಾಠಿ

ಹೋದ ತಿಂಗಳು ನಿಪ್ಪಾಣಿಯ ನಮ್ಮ ಹಳೇ ತಂಬಾಕಿನ ವಖಾರಿಯನ್ನು ಕೆಡವಿಸಿದೆವು. ಜೆಸಿಬಿ ಮೊದಲನೇ ಗೋಡೆಗೆ ತಾಗುತ್ತಲೇ ಎದ್ದ ಧೂಳು ಕಂಡು ಸೆರಗು ಮೂಗಿಗೆ ಹಿಡಿದೆ. ಹಿಡಿದು ಏನು ಉಪಯೋಗ, ಸೀನು ಶುರುವಾಗಿಯೇ ಬಿಟ್ಟಿತು. ಅಲ್ಲಿ ತಂಬಾಕು ತುಂಬುವುದು ನಿಂತು ಎಷ್ಟೋ ವರ್ಷವಾಗಿತ್ತು; ಆದರೂ ಇಟ್ಟಿಗೆ ಇಟ್ಟಿಗೆಯಲ್ಲಿ ಆ ಘಾಟು ಕೂತಿತ್ತು. ಹಿರಿಯರು ಬದುಕು ಮಾಡಿದ ಜಾಗ ಎಂದು ನನ್ನ ಗಂಡ ಕಣ್ಣೊರೆಸಿಕೊಂಡರು. ನನಗೆ ಬಂದ ನೆನಪೇ ಬೇರೆ. ಅದೇ ಘಾಟು ಒಂದು ಮಧ್ಯಾಹ್ನ ನನ್ನ ಗಂಟಲು ಹಿಡಿದಿತ್ತು, ಅದರಿಂದಲೇ ನನ್ನ ತವರುಮನೆಯ ಮರ್ಯಾದೆ ನಾಲ್ಕು ಮಂದಿಯ ಮುಂದೆ ಮಣ್ಣುಗೂಡಿತು. ಆದದ್ದು ಒಳ್ಳೆಯದೇ ಆಯಿತು. ಈ ಮಾತನ್ನು ನನ್ನ ಅಣ್ಣನ ಎದುರಿಗೆ ಬೇಕಾದರೂ ಹೇಳುತ್ತೇನೆ.

ಅಣ್ಣ ಎಂದರೆ ಅಂಕಲಿಯ ಅಪ್ಪಾಸಾಹೇಬ. ಹೊಳೆಯ ದಂಡೆಯಲ್ಲಿ ಕಬ್ಬು, ಊರಲ್ಲಿ ದೊಡ್ಡ ಮಾತು. ಅವನ ಒಬ್ಬಳೇ ಮಗಳು ವೈಶಾಲಿ ಚಿಕ್ಕೋಡಿಯ ಕಾಲೇಜಿನಲ್ಲಿ ಕೊನೆಯ ವರ್ಷದಲ್ಲಿದ್ದಳು. ಅವಳ ಮೈಯಲ್ಲಿ ಅಂಜಿಕೆ ಎಂಬ ನರವನ್ನೇ ದೇವರು ಇಟ್ಟಿರಲಿಲ್ಲ. ಸಣ್ಣವಳಿದ್ದಾಗ ಓಡುವ ಟ್ರ್ಯಾಕ್ಟರಿನ ಕಬ್ಬಿನ ಹೇರಿನ ಮೇಲೆ ನಿಂತು ಕೈ ಬಿಡುತ್ತಿದ್ದಳು. ದೊಡ್ಡವಳಾದ ಮೇಲೆ ಅಪ್ಪನ ಮೋಟರ್‌ಸೈಕಲ್ ಹಿಡಿದಳು. ತವಂದಿ ಘಾಟಿನ ತಿರುವುಗಳಲ್ಲಿ ಲಾರಿಗಳ ಮಗ್ಗುಲಿಂದ ತೂರಿಕೊಂಡು ಬಂದು ನಮ್ಮ ಅಂಗಳದಲ್ಲಿ ಗಾಡಿ ನಿಲ್ಲಿಸಿ, "ಅತ್ತಿ, ಚಾ" ಎನ್ನುವಳು. ನಾನು ಬೈಯುತ್ತಲೇ ಚಹಾ ಇಡುತ್ತಿದ್ದೆ. ಬೈಗುಳ ಅವಳಿಗೆ ತಾಗುತ್ತಿರಲಿಲ್ಲ, ಸಕ್ಕರೆ ಕಡಿಮೆಯಾದರೆ ಮಾತ್ರ ತಾಗುತ್ತಿತ್ತು.

ಆ ವರ್ಷ ಮಳೆ ನಮ್ಮಲ್ಲಿ ಕಡಿಮೆ, ಮಹಾರಾಷ್ಟ್ರದ ಕಡೆ ವಿಪರೀತ. ಮೇಲಿನಿಂದ ನೀರು ಬಿಟ್ಟರೆಂದರೆ ನಮ್ಮ ಕಡೆಯ ತಗ್ಗಿನ ಬ್ರಿಜ್ಜುಗಳೆಲ್ಲ ಮುಳುಗುತ್ತವೆ. ಪೋಲೀಸರು ಅಡ್ಡ ಹಾಕುತ್ತಾರೆ, ಮಂದಿ ದಂಡೆಗೆ ನಿಂತು ನೀರು ನೋಡುತ್ತಾರೆ. ವೈಶಾಲಿಯ ಗೆಳತಿ ಮುಮ್ತಾಜ ನಮ್ಮ ನಿಪ್ಪಾಣಿಯ ಹುಡುಗಿ, ಬಟ್ಟೆ ಅಂಗಡಿಯವರ ಮಗಳು. ಹಾಗೆ ನೀರು ಬಿಟ್ಟ ದಿನ ಅಂಕಲಿಗೆ, ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದಳು. ಊಟ ಮುಗಿಸಿ ಇಬ್ಬರೂ ಗಾಡಿ ಹತ್ತಿ ನೀರು ನೋಡಲು ಹೊರಟರು. ಬ್ರಿಜ್ಜಿನ ಮೇಲೆ ನೀರು ಆಗತಾನೇ ಏರುತ್ತಿತ್ತು, ಅಡ್ಡ ಹಾಕುವವರು ಇನ್ನೂ ಬಂದಿರಲಿಲ್ಲ. ಆ ದಂಡೆಯಲ್ಲಿ ನಿಂತವನೊಬ್ಬ, "ಬರ್ತೀರೇನ ಈ ಕಡೆ?" ಎಂದು ಕೂಗಿ ಮೊಬೈಲ್ ಎತ್ತಿದನಂತೆ. ಅಷ್ಟು ಸಾಕಾಯಿತು. ಮುಖಕ್ಕೆ ಸ್ಕಾರ್ಫ್ ಬಿಗಿದುಕೊಂಡು ವೈಶಾಲಿ ಗಾಡಿಯನ್ನು ನೀರಿಗೆ ಇಳಿಸಿದಳು. ಹಿಂದೆ ಮುಮ್ತಾಜ, ಅವಳ ಮುಖಕ್ಕೂ ಸ್ಕಾರ್ಫು.

ನಡುವಿಗೆ ಬರುವವರೆಗೆ ಎರಡೂ ಕಡೆ ನೀರು ರೆಕ್ಕೆಯಾಗಿ ಎದ್ದಿತಂತೆ. ಆ ಹುಡುಗ ತೆಗೆದ ವೀಡಿಯೊ ಅಲ್ಲಿಗೆ ಮುಗಿಯುತ್ತದೆ. ಮುಂದೆ ಏನಾಯಿತೆಂದು ಮುಮ್ತಾಜಳೇ ಎಷ್ಟೋ ದಿನಗಳ ಮೇಲೆ ನನಗೆ ಹೇಳಿದಳು. ನೀರಿನ ಕೆಳಗೆ ರಸ್ತೆ ಕೊಚ್ಚಿಹೋಗಿದ್ದ ಕಡೆ ಮುಂದಿನ ಗಾಲಿ ಕುಸಿಯಿತು. ಮುಮ್ತಾಜ ಅಂಚಿನ ಕಲ್ಲಿಗೆ ಬಡಿದಳು, ಬಲಗೈ ಮುರಿಯಿತು. ಕಾಲು ಹೊಳೆಯ ಕಡೆ ಜೋತುಬಿದ್ದವು. ವೈಶಾಲಿ ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ಗೆಳತಿಯ ಅಂಗಿ ಹಿಡಿದು, "ಬಿಡೂದುಲ್ಲ, ಬಿಡೂದುಲ್ಲ" ಎಂದು ಒದರುತ್ತಲೇ ಇದ್ದಳು. ಮೇವು ಹೊರುತ್ತಿದ್ದ ಅಣ್ಣನ ಓಣಿಯವರು ಹಗ್ಗ ಒಗೆದು ಎಳೆದುಕೊಂಡರು. ಪುಣ್ಯಕ್ಕೆ ಇಬ್ಬರೂ ಉಳಿದರು; ಗಾಡಿಯನ್ನು ನೀರು ಇಳಿದ ಮೇಲೆ ಎಳೆದು ತಂದರು.

ಮರುದಿನ ಆ ವೀಡಿಯೊ ಕಾಗವಾಡದಿಂದ ರಾಯಬಾಗದವರೆಗೆ ಎಲ್ಲರ ಮೊಬೈಲಿನಲ್ಲಿತ್ತು. ಯಾರ ಮಗಳು, ಯಾವ ಊರು, ಯಾರಿಗೂ ಗೊತ್ತಿಲ್ಲ. ಗೊತ್ತಿದ್ದ ಹಗ್ಗದವರ ಬಾಯಿಗೆ ನನ್ನ ಅಣ್ಣ ಬೀಗ ಹಾಕಿಸಿದ್ದ. ಮುಮ್ತಾಜ ತನ್ನ ಮನೆಯಲ್ಲಿ ಕಾಲೇಜಿನ ಪಾವಟಿಗೆ ಮೇಲಿಂದ, ಮೆಟ್ಟಿಲು ತಪ್ಪಿ ಜಾರಿ ಬಿದ್ದೆ ಎಂದು ಹೇಳಿಕೊಂಡಳು. ಗೆಳತಿಯ ಹೆಸರು ಹೊರಗೆ ಬರಬಾರದೆಂದು ಆ ಹುಡುಗಿ ಮುರಿದ ಕೈಯ ಮೇಲೆ ಸುಳ್ಳನ್ನೂ ಹೊತ್ತುಕೊಂಡಿತ್ತು. ಆ ಸಲದ ಪರೀಕ್ಷೆ ಅವಳಿಗೆ ತಪ್ಪಿತು.

ಅಣ್ಣ ಮಗಳನ್ನು ಜೀಪಿನಲ್ಲಿ ಕೂರಿಸಿಕೊಂಡು ನಿಪ್ಪಾಣಿಗೆ ಬಂದ.

"ಸುನಂದಾ, ಇಕಿನ್ನ ನಿನ್ನ ಹಂತೇಕ ಇಟ್ಕೋ. ಅಥಣಿಯಿಂದ ಸಂಬಂಧ ಬಂದೈತಿ. ದ್ರಾಕ್ಷಿ ತ್ವಾಟದವರು, ಬಾಳಗೌಡರು ಅಂತ. ಮಾತು ಪಕ್ಕಾ ಆಗೂತನಕ ಇಕಿ ಹೊರಗ ಕಾಲ ಇಡಂಗಿಲ್ಲ."

"ಮತ್ತ ಕಾಲೇಜ?"

"ಕಲತದ್ದ ಸಾಕ. ಏನೇನ ಕಲತಾಳ ಅಂತ ಹೊಳಿ ದಂಡಿ ಮಂದಿ ನೋಡ್ಯಾರ."

"ಆ ಮುಮ್ತಾಜನ್ನ ಒಂದ ಸಲ ನೋಡಿ ಬರಲಿ. ಇಲ್ಲೇ ಎರಡ ಓಣಿ ಆಚೆ ಐತಿ ಅವರ ಮನಿ."

"ಏನಂತ ಹೋಗ್ತಾಳ? ಆ ಹುಡಗಿ ಪಾವಟಿಗಿ ಮ್ಯಾಲಿಂದ ಬಿದ್ದಾಳ. ಅಕೀನ ಹಂಗ ಹೇಳ್ಯಾಳ. ನಾವ್ಯಾಕ ಬ್ಯಾರೆ ಹೇಳೂಣು?" ಎಂದವನೇ ಮಗಳ ಮೋಟರ್‌ಸೈಕಲ್ಲಿನ ಕೀಲಿಯನ್ನು ಜೇಬಿನಲ್ಲಿ ಒತ್ತಿಕೊಂಡು ಹೊರಟುಹೋದ. ಮಗಳ ಕಡೆ ತಿರುಗಿ ಸಹ ನೋಡಲಿಲ್ಲ.

ಅಂದಿನಿಂದ ವೈಶಾಲಿ ಮಾತು ಬಿಟ್ಟಳು. ಸಿಟ್ಟಿನ ಮೌನವಾಗಿದ್ದರೆ ನಾನು ಸಂಭಾಳಿಸುತ್ತಿದ್ದೆ. ಸಿಟ್ಟು ನಮ್ಮ ಮನೆತನದ ಆಸ್ತಿ. ಇದು ಬೇರೆ. ಕರೆದರೆ ಬರುವಳು, ಕೊಟ್ಟರೆ ಉಣ್ಣುವಳು, ಉಳಿದ ಹೊತ್ತು ಮಾಳಿಗೆಯ ಮೇಲೆ ನಿಂತು ಬಟ್ಟೆ ಅಂಗಡಿಯ ಓಣಿಯ ಕಡೆ ನೋಡುವಳು. ಮಾಳಿಗೆಗೆ ಕಟ್ಟೆ ಇರಲಿಲ್ಲ. ಶಾಲೆಯಲ್ಲಿ ಪಾಠ ಹೇಳುವಾಗಲೂ ನನ್ನ ಜೀವ ಆ ಅಂಚಿನಲ್ಲೇ ಇರುತ್ತಿತ್ತು. ಮಧ್ಯಾಹ್ನದ ಬಿಡುವಿಗೆ ಓಡಿ ಬಂದು, ಮೊದಲು ಕೆಳಗೆ ನೆಲ ನೋಡಿ, ಆಮೇಲೆ ಮೇಲೆ ನೋಡುತ್ತಿದ್ದೆ.

ಇಂಥ ಹೊತ್ತಿನಲ್ಲಿ ಸುಧೀರ ಒಂದು ಸಿನಿಮಾ ಹಿಡಿದುಕೊಂಡು ಬಂದ. ಸುಧೀರ ನನ್ನ ಜೊತೆ ಹವ್ಯಾಸಿ ನಾಟಕ ಮಾಡುತ್ತಿದ್ದವನು, ಈಗ ಕಾಲೇಜು ಮಾಸ್ತರ, ಹಳೇ ಸಿನಿಮಾದ ಹುಚ್ಚ. ಯಾವುದೋ ಪರದೇಶದ್ದು, ನೂರು ವರ್ಷ ಹಿಂದಿನದು, ಮಾತಿಲ್ಲದ ಮೂಕಿ ಚಿತ್ರ. ಹೆಸರು ನನ್ನ ಬಾಯಿಗೆ ಇಂದಿಗೂ ತಿರುಗುವುದಿಲ್ಲ. ಶ್ರೀಮಂತನ ಮಗಳೊಬ್ಬಳು ಮೋಟಾರು ಹೊಡೆಯುವುದೇನು, ಛಾವಣಿಯ ಅಂಚಿನಲ್ಲಿ ಕುಣಿಯುವುದೇನು, ಕೊನೆಗೆ ಗೆಳತಿಯನ್ನು ಕೂರಿಸಿಕೊಂಡು ರೈಲಿನ ಜೊತೆ ಪಣ ಕಟ್ಟಿ ಫಾಟಕದಲ್ಲಿ ತೂರುತ್ತಾಳೆ. ಗೆಳತಿ ಆಸ್ಪತ್ರೆಗೆ ಸೇರುತ್ತಾಳೆ. ಇವಳು ಅಪ್ಪನ ಕಾಲಿಗೆ ಬಿದ್ದು, ಅವನು ತೋರಿಸಿದ ಗಂಡನ್ನು ಮದುವೆಯಾಗುತ್ತಾಳೆ.

"ನಿಮ್ಮ ವಖಾರಿ ಖಾಲಿ ಐತಲ್ಲ ಸುನಂದಾಬಾಯಿ, ಹಗಲಿಗೂ ಕತ್ತಲಿ. ಬೀಡಿ ಕಟ್ಟೂ ಹೆಣ್ಮಕ್ಕಳನ್ನೆಲ್ಲ ಕರಿಯೂಣು. ನೀವು ಮುಂದ ನಿಂತ ಕತಿ ಹೇಳ್ರಿ, ನಾಟಕದಾಗ ಹೇಳಿದಂಗ" ಎಂದ.

ಈ ಕತೆ ನನ್ನ ಅಣ್ಣನ ಕಿವಿಗೆ ಬಿದ್ದದ್ದೇ ತಡ, ಫೋನಿನಲ್ಲಿ ಅವನ ದನಿ ಏರಿತು. "ಮಾಡ್ರಿ! ಜರೂರ ಮಾಡ್ರಿ. ಅಥಣಿಯವರಿಗೂ ಅವತ್ತ ಬರಾಕ ಹೇಳ್ತೀನಿ. ಹುಡಗಿನ ನೋಡಿದಂಗೂ ಆಗತೈತಿ, ಅಪ್ಪನ ಕಾಲಿಗೆ ಬೀಳೂದು ಅಕಿ ನಾಕ ಮಂದ್ಯಾಗ ಕೇಳಿದಂಗೂ ಆಗತೈತಿ." ನನಗೆ ಇದು ಹಿಡಿಸಲಿಲ್ಲ. ಆದರೂ ಇಲ್ಲವೆನ್ನಲಿಲ್ಲ. ಆ ಹುಡುಗಿ ಮಾಳಿಗೆ ಬಿಟ್ಟು ಕೆಳಗೆ ಇಳಿದರೆ ಸಾಕಾಗಿತ್ತು.

ಬೀಡಿ ಕಟ್ಟುವ ಹೆಂಗಸರು ಬರುತ್ತೇವೆಂದರು, ಆದರೆ ಒಂದು ಶರತ್ತು ಹಾಕಿದರು. ಗಂಡಸರ ನಡುವೆ ಕೂರುವುದಿಲ್ಲ, ಮತ್ತು ಕತೆ ಮರಾಠಿಯಲ್ಲಿ ಬೇಕು. ಹಳೇ ಟೆಂಟಿನ ಸಿನಿಮಾಗಳಲ್ಲಿ ಹೆಂಗಸರು ಪರದೆಯ ಹಿಂದೆ ಕೂತು ನೋಡುತ್ತಿದ್ದರಂತೆ, ನಮ್ಮತ್ತೆ ಹೇಳುತ್ತಿದ್ದರು. ಹಾಗೆಯೇ ಮಾಡಿದೆವು. ಧೋತರ ಧೋತರ ಜೋಡಿಸಿ ಹೊಲಿದು ವಖಾರಿಯ ಸರಿನಡುವೆ ಕಟ್ಟಿದೆವು. ರಸ್ತೆ ಬಾಗಿಲ ಕಡೆ ಗಂಡಸರು, ಅಂಗಳದ ಬಾಗಿಲ ಕಡೆ ಹೆಂಗಸರು. ತೆಳುವು ಬಟ್ಟೆ, ಎರಡೂ ಕಡೆ ಚಿತ್ರ ಕಾಣುತ್ತಿತ್ತು. ಹಿಂದಿನವರಿಗೆ ಎಡ ಬಲವಾಗುತ್ತಿತ್ತು, ಅಷ್ಟೇ. ಗಂಡಸರಿಗೆ ಕನ್ನಡದಲ್ಲಿ ನಾನು. ಹೆಂಗಸರಿಗೆ ಮರಾಠಿಯಲ್ಲಿ ವೈಶಾಲಿ. ಅವಳ ತಾಯಿ ಮಹಾರಾಷ್ಟ್ರದ ಕಾಗಲದವಳು, ಮರಾಠಿ ಅವಳಿಗೆ ತಾಯಿಯ ಮಾತು.

"ನೀ ಏನೂ ಮಾತಾಡಬ್ಯಾಡ ಬೇ, ಬರದ ಕೊಟ್ಟದ್ದು ಓದು ಅಷ್ಟ" ಎಂದೆ. ಮಾತಿನ ಹಾಳೆ ತೆಗೆದುಕೊಂಡಳು. ಅಣ್ಣನಿಗೂ ಇದು ಸರಿಬಂತು. ಮರಾಠಿ ಹೆಂಗಸರ ಕಡೆಗೆ, ಹೆಂಗಸರು ಪರದೆಯ ಆಚೆಗೆ. ಗಂಡಸರಿಗೂ ಅದಕ್ಕೂ ಏನು ಸಂಬಂಧ ಎಂದುಕೊಂಡ. ನಮ್ಮ ಕಡೆ ಮರಾಠಿ ತಿಳಿಯದ ಕಿವಿ ಎಲ್ಲಿಯದು? ಆದರೆ ಅದು ಅವನಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಆ ಮಧ್ಯಾಹ್ನ ಬಾಳಗೌಡರು ಬಂದರು. ಬಿಳಿ ಟೋಪಿ, ನಗುಮುಖ, ಒಳ್ಳೇ ಮನುಷ್ಯ. ಚಹಾ ಕುಡಿಯುತ್ತ ಮೊಬೈಲ್ ತೆಗೆದು ಅಣ್ಣನಿಗೆ ತೋರಿಸಿದರು. ನಾನು ಇಣುಕಿ ನೋಡಿದೆ. ಅದೇ ವೀಡಿಯೊ.

"ನೋಡೀರೇನ್ರಿ ಇದನ್ನ? ನಿಮ್ಮ ಕಡೀದ ಬ್ರಿಜ್ಜ ಅಂತ. ಎಂಥಾ ಹೆತ್ತವರಿರಬೇಕ ನೋಡ್ರಿ!"

"ಎಂಥವರೋ ಏನೋ ರೀ" ಎಂದ ನನ್ನ ಅಣ್ಣ. ಬಸಿಯಲ್ಲಿದ್ದ ಬಿಸಿ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದ.

ಬಾಳಗೌಡರ ಹೆಂಡತಿ ಪರದೆಯ ಹಿಂದೆ ಹೋದರು. ಹೆಂಗಸರ ಗುಂಪಿನ ಕಡೆಗೆ ಕಣ್ಣು ಹಾಯಿಸಿದೆ. ಕೊನೆಯಲ್ಲಿ, ಕೊರಳಿಗೆ ಪಟ್ಟಿ ಕಟ್ಟಿ ಕೈ ಇಳಿಬಿಟ್ಟುಕೊಂಡು, ತಾಯಿಯ ಮಗ್ಗುಲಲ್ಲಿ ಮುಮ್ತಾಜ ಕೂತಿದ್ದಳು. ಯಾರು ಕರೆದಿದ್ದರೋ, ಬೀಡಿಯ ಹೆಂಗಸರ ಜೊತೆ ಬಂದುಬಿಟ್ಟಿದ್ದಳು. ವೈಶಾಲಿಯೂ ಅವಳನ್ನು ಕಂಡಳು. ಅಷ್ಟರಲ್ಲಿ ಸುಧೀರ ಬಾಗಿಲು ಹಾಕಿಸಿಬಿಟ್ಟ.

ಕತ್ತಲಾಯಿತು, ಬಟ್ಟೆಯ ಮೇಲೆ ಮೋಟಾರು ಓಡಿತು. ನಾನು ಬಾಯಿಪಾಠ ಮಾಡಿಕೊಂಡಿದ್ದೆ, ಶುರು ಮಾಡಿದೆ. ಪರದೆಯ ಹಿಂದೆ ಮಾತ್ರ ಸದ್ದಿಲ್ಲ. "ಆವಾಜ ನಾಹೀ!" ಎಂದು ಹೆಂಗಸರು ಕೂಗತೊಡಗಿದರು. ಆಗ ತಿಳಿಯಿತು ನನ್ನ ದಡ್ಡತನ. ಆ ಕತ್ತಲಲ್ಲಿ ಹಾಳೆ ಓದುವುದು ಹೇಗೆ? ಇನ್ನೇನು ನಾನೇ ಓಡಬೇಕು ಎನ್ನುವಷ್ಟರಲ್ಲಿ ಒಂದು ದನಿ ಎದ್ದಿತು. ಬಹಳ ದಿನ ಮಾತಾಡದ ಗಂಟಲು, ಮೊದಮೊದಲು ಒಡೆಯಿತು. ಆಮೇಲೆ ನನ್ನ ಮಾತನ್ನೇ ಹಿಡಿದು ಹಿಂದೆಯೇ ಮರಾಠಿಯಲ್ಲಿ ಹೇಳುತ್ತ ಬಂತು. ನನಗೆ ಅಳು ಬಂತು. ಹುಡುಗಿ ಮಾತಾಡಿತಲ್ಲ ತಾಯೀ ಎಂದು ಕತ್ತಲಲ್ಲೇ ಕೈ ಮುಗಿದೆ.

ಮೋಟಾರಿನ ಹುಡುಗಿ ಛಾವಣಿಯ ಅಂಚಿಗೆ ಬಂದಾಗ ಆ ದನಿ ನನ್ನ ಕೈತಪ್ಪಿತು. "ಇವಳಿಗೆ ತಿಳಿಗೇಡಿತನ" ಎಂದು ನಾನು ಕನ್ನಡದಲ್ಲಿ ಹೇಳಿದರೆ, ಆಚೆಯಿಂದ, "ಮಲಾ ಆವಡ್ತಂ! ಪೋಟಾತ ಕಾಯತರೀ ಹೋತಂ!" ಎಂದು ಕೇಳಿಸಿತು. ನನಗಿದು ಇಷ್ಟ, ಹೊಟ್ಟೆಯಲ್ಲಿ ಏನೋ ಆಗುತ್ತದೆ ಎಂದು ಆ ಚಿತ್ರದ ಹುಡುಗಿಯೇ ಹೇಳಿದ ಹಾಗೆ. ಹೆಂಗಸರು ಹೋ ಎಂದು ನಕ್ಕರು, ಯಾರೋ ಸೀಟಿ ಹೊಡೆದರು. ಗಂಡಸರಿಗೆ ಅದು ಕೇಳಬಾರದೆಂದು ನಾನು ದನಿ ಏರಿಸಿದೆ. ಅವಳೂ ಏರಿಸಿದಳು. ನಗು ಜಾಸ್ತಿಯಾದಷ್ಟೂ ಹೆಂಗಸರು ಕಾಲು ನೆಲಕ್ಕೆ ಬಡಿದರು. ಎಷ್ಟೋ ವರ್ಷದಿಂದ ನೆಲದಲ್ಲಿ ಕೂತಿದ್ದ ತಂಬಾಕಿನ ಪುಡಿ ಮೇಲೆದ್ದಿತು.

ರೈಲು ಬಂತು, ಫಾಟಕ ಬಂತು, ಮೋಟಾರು ಕಂಬಕ್ಕೆ ಬಡಿಯಿತು. ಆಸ್ಪತ್ರೆಯ ಮಂಚದ ಮೇಲೆ ಗೆಳತಿ, ಬಾಗಿಲ ಹೊರಗೆ ಆ ಹುಡುಗಿ. ನಾನು ಬಾಯಿ ತೆಗೆದೆ, ಘಾಟು ನುಗ್ಗಿತು. ಕೆಮ್ಮು, ಸೀನು, ಮತ್ತೆ ಕೆಮ್ಮು. ಸುಧೀರ ನೀರಿನ ತಂಬಿಗೆ ಕೊಟ್ಟ. ನನ್ನ ಕನ್ನಡ ನಿಂತೇ ಹೋಯಿತು. ಗಂಡಸರ ಕಡೆ ಪೂರ್ತಿ ಮೌನ. ಆ ಮೌನದಲ್ಲಿ ಬಟ್ಟೆಯ ಆಚೆಯಿಂದ ಮರಾಠಿ ಸ್ಪಷ್ಟವಾಗಿ ಬಂತು.

"ಮುಮ್ತಾಜ, ತುಲಾ ಮೀಚ್ ಪಾಡಲಂ. ಜಿನ್ಯಾವರೂನ ನಾಹೀ, ಪುಲಾವರೂನ."

ನಿನ್ನನ್ನು ಬೀಳಿಸಿದವಳು ನಾನೇ. ಪಾವಟಿಗೆ ಮೇಲಿಂದಲ್ಲ, ಬ್ರಿಜ್ಜಿನ ಮೇಲಿಂದ.

ನಾನು ಕೆಮ್ಮು ನುಂಗಿದೆ. ಅವಳು ನಿಲ್ಲಿಸಲಿಲ್ಲ. ನೀರಿನ ಮಾತು, ಸ್ಕಾರ್ಫಿನ ಮಾತು, ಮೊಬೈಲ್ ಹಿಡಿದವನ ಮಾತು, ನಿನ್ನ ಮನೆಗೆ ಬರಗೊಡಲಿಲ್ಲ ಎಂಬ ಮಾತು, ಎಲ್ಲ ಮರಾಠಿಯಲ್ಲಿ ಒಂದರ ಹಿಂದೆ ಒಂದು ಬಂದವು. ಬಾಳಗೌಡರು ನಿಧಾನವಾಗಿ ನನ್ನ ಅಣ್ಣನ ಕಡೆ ತಿರುಗಿದರು. "ಅಪ್ಪಾಸಾಹೇಬ್ರ, ಆ ಬ್ರಿಜ್ಜಿನ ಹುಡಗಿ..." ಎಂದರು.

ಪರದೆಯ ಆಚೆ ಇನ್ನೊಂದು ದನಿ ಎದ್ದಿತು, ಮುಮ್ತಾಜಳದು. "ನೀ ಒಬ್ಬಾಕೀನ ಮೈಮ್ಯಾಲ ಹಾಕ್ಕೋಬ್ಯಾಡ. ಜೋರ ಹೊಡಿ, ಜೋರ ಹೊಡಿ ಅಂದಾಕಿ ನಾನ." ಮರುಕ್ಷಣ ತಾಯಿಯ ಕೈ ಅವಳ ಕಪಾಳಕ್ಕೆ ಬಿದ್ದ ಸಪ್ಪಳ, ಅದರ ಹಿಂದೆಯೇ ಆ ತಾಯಿಯದೇ ಅಳು.

ಅಣ್ಣ ಎದ್ದ. ಬಟ್ಟೆಯನ್ನು ಹರಿದು ಹಾಕುತ್ತಾನೆಂದೇ ತಿಳಿದೆ. ದಡದಡ ನಡೆದು ಪರದೆಯ ಮುಂದೆ ನಿಂತು ಕೈ ಎತ್ತಿದ. ಸಿನಿಮಾ ಯಂತ್ರದ ಬೆಳಕಿಗೆ ಅವನ ನೆರಳು ಆಳೆತ್ತರಕ್ಕೂ ಮೀರಿ ಬಟ್ಟೆಯ ಮೇಲೆ ಬಿತ್ತು. ಚಿತ್ರ ಕೊನೆಗೆ ಬಂದಿತ್ತು. ಆ ಹುಡುಗಿ ಓಡಿ ಬಂದು ಅಪ್ಪನ ಕಾಲಿಗೆ ಬಿದ್ದಳು. ಆ ಅಪ್ಪ ಕಾಣಿಸುತ್ತಲೇ ಇರಲಿಲ್ಲ, ಅಲ್ಲಿ ನನ್ನ ಅಣ್ಣನ ನೆರಳಿತ್ತು. ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

"ಹೇಳ ಸುನಂದಾ" ಎಂದ, ನನ್ನ ಕಡೆ ತಿರುಗದೆ. "ಈಗ ಅಕಿ ಏನ ಹೇಳ್ತಾಳೋ ಅದನ್ನ ಹೇಳ."

ಹೇಳಬೇಕಾದದ್ದು ನನಗೆ ಗೊತ್ತಿತ್ತು: ಅಪ್ಪಾ, ತಪ್ಪಾಯಿತು, ಇನ್ನು ನೀವು ಹೇಳಿದ ಹಾಗೆ ಕೇಳುತ್ತೇನೆ. ಗಂಟಲೂ ಸರಿಯಾಗಿತ್ತು. ನಾನು ತುಟಿ ಬಿಗಿದು ನಿಂತೆ.

"ಹೇಳಂದ್ರ ಹೇಳ!"

ಬಟ್ಟೆಯ ಆಚೆಯಿಂದ, ಅಪ್ಪನಿಗೆ ತೀರ ಹತ್ತಿರದಿಂದ, ಆ ದಿನ ಮೊದಲ ಸಲ ಕನ್ನಡದಲ್ಲಿ ವೈಶಾಲಿ ಹೇಳಿದಳು:

"ಅಪ್ಪಾ, ಗಾಡಿ ಹೊಡಿಯೂದು ನಾ ಬಿಡೂದುಲ್ಲ. ಸುಳ್ಳ ಹೇಳೂದು ಬಿಟ್ಟೇನಿ."

ಸುಧೀರ ಗಾಬರಿಯಲ್ಲಿ ಬಾಗಿಲು ತೆಗೆಸಿದ. ಹಗಲು ಒಳಗೆ ಬಂತು, ಚಿತ್ರ ಅಳಿಸಿಹೋಯಿತು. ಬಾಳಗೌಡರ ಹೆಂಡತಿ ಆಚೆಯಿಂದ ಮೂಗೊರೆಸಿಕೊಳ್ಳುತ್ತ ಬಂದು ನನ್ನ ಕೈ ಹಿಡಿದರು. "ಹುಡಗಿ ಭಾಳ ಖರೇ ಮಾತಾಡ್ತಾಳ್ರಿ ಬಾಯಾರ. ಅಷ್ಟ ಖರೇ ನಮ್ಮ ಮನ್ಯಾಗ ನಡಿಯೂದುಲ್ಲ." ಕುಹಕವಿಲ್ಲದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಇನ್ನೊಂದು ಸುತ್ತು ಚಹಾ ಕುಡಿದೇ ಗಂಡ ಹೆಂಡತಿ ಅಥಣಿಗೆ ಹೊರಟರು. ಮತ್ತೆ ಆ ಕಡೆಯಿಂದ ಫೋನು ಬರಲಿಲ್ಲ.

ಎಲ್ಲರೂ ಹೋದ ಮೇಲೂ ಅಣ್ಣ ಧೋತರದ ಒಂದು ತುದಿ ಹಿಡಿದು ಅಲ್ಲೇ ಇದ್ದ. ವೈಶಾಲಿ ಎದುರಿಗೆ ಬಂದು ನಿಂತಳು. ಹೊಡೆದರೆ ನಡುವೆ ಬೀಳಬೇಕೆಂದು ನಾನು ಸೆರಗು ಸಿಕ್ಕಿಸಿಕೊಂಡಿದ್ದೆ.

"ಎಷ್ಟ ನೀರಿತ್ತ?" ಎಂದ.

ಅಲ್ಲಿಯವರೆಗೆ ಅವನು ಅದನ್ನು ಕೇಳಿಯೇ ಇರಲಿಲ್ಲ.

"ಮೊಳಕಾಲ ಮಟ."

ಅವನು ಹಾಗೇ ನೆಲಕ್ಕೆ ಕುಸಿದು ಕೂತ. "ಮೊಳಕಾಲ ಮಟ ನೀರಾಗ ನಿಮ್ಮಜ್ಜ ಜೋಡೆತ್ತ ಕಳಕೊಂಡಾನ ಬೇ. ನನ್ನ ಕಣ್ಣ ಮುಂದ ಹೋದೂ. ಮರ್ಯಾದಿ, ಮರ್ಯಾದಿ ಅಂತ ಒದರಿದೆ, ಮರ್ಯಾದಿ ಯಾರಿಗೆ ಬೇಕಾಗೇತಿ? ನನಗ ಅಂಜಿಕಿ ಆಗಿತ್ತ" ಎಂದು ಸಣ್ಣ ಹುಡುಗನ ಹಾಗೆ ಬಿಕ್ಕಿದ. ಅಪ್ಪ ಸತ್ತಾಗಲೂ ನಾಲ್ಕು ಮಂದಿಯ ಮುಂದೆ ಕಣ್ಣೀರು ತೋರಿಸದ ನನ್ನ ಅಣ್ಣ. ವೈಶಾಲಿ ಮಗ್ಗುಲಲ್ಲಿ ಕೂತಳು. ಕಾಲಿಗೆ ಬೀಳಲಿಲ್ಲ, ಹೆಗಲಿಗೆ ತಲೆ ಹಚ್ಚಿದಳು.

ಮಗಳನ್ನು ನಮ್ಮಲ್ಲೇ ಬಿಟ್ಟುಹೋದ; ನನ್ನ ಮೇಲಿನ ಸಿಟ್ಟು ಮಾತ್ರ ಅವನಿಗೆ ಬೇಗ ಇಳಿಯಲಿಲ್ಲ. ಕಬ್ಬು ಕಡಿಯುವ ಸುಗ್ಗಿ ಮುಗಿಯುವವರೆಗೂ ಫೋನು ಮಾಡಲಿಲ್ಲ. ಆದರೆ ಒಂದು ದಿನ ಟೆಂಪೋದಲ್ಲಿ ಮೋಟರ್‌ಸೈಕಲ್ ಕಳಿಸಿಕೊಟ್ಟ. ತೊಳೆಸಿದ್ದ, ಬ್ರೇಕು ಹೊಸದು ಹಾಕಿಸಿದ್ದ. ಜೊತೆಗೆ ಎರಡು ಹೆಲ್ಮೆಟ್.

ತಪ್ಪಿದ ಪರೀಕ್ಷೆಯನ್ನು ಮುಮ್ತಾಜ ಬರೆಯುವ ದಿನ ಬಂತು. ಚಿಕ್ಕೋಡಿಗೆ ಹೋಗಬೇಕು, ಬೆಳಗಿನ ಬಸ್ಸು ತುಂಬಿಕೊಂಡು ನಿಲ್ಲದೇ ಹೋಯಿತು. ಅವಳ ತಾಯಿ ಅವಳನ್ನು ಕರೆದುಕೊಂಡು ನಮ್ಮ ಅಂಗಳಕ್ಕೆ ಬಂದಳು. ವೈಶಾಲಿ ಗಾಡಿ ಹೊರಗೆ ತೆಗೆದು ಚಾಲೂ ಮಾಡಿ ಕೂತಳು. ಮುಮ್ತಾಜ ಮಾತ್ರ ಮೆಟ್ಟಿಲ ಹತ್ತಿರವೇ ನಿಂತುಬಿಟ್ಟಳು. ಇನ್ನೂ ಪೂರ್ತಿ ನೆಟ್ಟಗಾಗದ ಆ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಗಾಡಿ ಗುರುಗುಡುತ್ತಿತ್ತು. ಅವಳು ಇಲ್ಲವೆಂದು ತಿರುಗಿ ಹೋದರೆ ನನ್ನ ಹುಡುಗಿ ಮತ್ತೆ ಮಾಳಿಗೆ ಏರುತ್ತಾಳೆ, ಇನ್ನು ಇಳಿಯುವುದಿಲ್ಲ ಎಂದು ನಾನು ಬಾಗಿಲ ಕದ ಹಿಡಿದುಕೊಂಡೆ.

ವೈಶಾಲಿ ಮುಖದ ಸ್ಕಾರ್ಫ್ ಬಿಚ್ಚಿದಳು. ಮಡಚಿ ನನ್ನ ಕೈಗೆ ಕೊಟ್ಟು, ಬರಿ ಮುಖಕ್ಕೆ ಹೆಲ್ಮೆಟ್ ಹಾಕಿಕೊಂಡಳು. ಇನ್ನೊಂದು ಹೆಲ್ಮೆಟನ್ನು ಗೆಳತಿಯ ಕಡೆಗೆ ಚಾಚಿದಳು.

ಮುಮ್ತಾಜ ಬಂದು ಹಿಂದೆ ಹತ್ತಿದಳು. "ಸಾವಕಾಶ ಹೊಡಿ, ಇಲ್ಲಾಂದ್ರ ನೋಡ ಮತ್ತ" ಎಂದಳು.

ಓಣಿಯ ಮೂಲೆಯವರೆಗೆ ಗಾಡಿ ನಿಜವಾಗಿಯೂ ಸಾವಕಾಶವಾಗಿಯೇ ಹೋಯಿತು. ನಾವಿಬ್ಬರು ಹೆಂಗಸರು ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದೆವು. ಮೂಲೆ ತಿರುಗಿ ಕಣ್ಣಿಗೆ ಮರೆಯಾದ ಮೇಲೆ ಅದರ ಸದ್ದು ಏರಿತು. ಆ ಸದ್ದಿನ ಮೇಲೆ ಮುಮ್ತಾಜಳ ದನಿ ಕೇಳಿಸಿತು. ವೈಶಾಲಿಯ ಏಳು ತಲೆಮಾರು ಸೇರಿಸಿ ಬೈಯುತ್ತಿದ್ದಳು, ನಗುತ್ತ ನಗುತ್ತ ಬೈಯುತ್ತಿದ್ದಳು.